ದೋಯೇಗನ ಮಾತು

ಎದೋಮ್ಯನಾದ ದೋಯೇಗನು ಸುಳ್ಳು ಹೇಳಿದನೋ? ಸಮುವೇಲನ ಮೊದಲನೆಯ ಪುಸ್ತಕದ 21, 22ನೆಯ ಅಧ್ಯಾಯಗಳನ್ನು ಓದಿ ನೋಡಿರಿ. ನೋಬಿನಲ್ಲಿ ತಾನು ಕಣ್ಣಾರೆ ಕಂಡದ್ದನ್ನೇ ಅವನು ಸೌಲನಿಗೆ ಅರಿಕೆಮಾಡಿದನು. ಯಾಜಕನಾದ ಅಹೀಮೆಲೆಕನು ದಾವೀದನಿಗೆ ರೊಟ್ಟಿಯನ್ನೂ ಗೊಲ್ಯಾತನ ಕತ್ತಿಯನ್ನೂ ಕೊಟ್ಟದ್ದು ನಿಜವೇ. ಆದರೆ ದಾವೀದನು ಅರಸನ ಕಾರ್ಯಕ್ಕಾಗಿ ಬಂದಿದ್ದಾನೆಂದು ನಂಬಿ ಕೊಟ್ಟನೆಂಬದು ದೋಯೇಗನ ಮಾತಿನೊಳಗೆ ಇರಲಿಲ್ಲ. ಆ ಒಂದೇ ದಿನ 85 ಮಂದಿ ಯಾಜಕರು ಹತರಾದರು.

ಪ್ರಿಯ ವಾಚಕರೇ, ಅಧಿಕಾರವು ದೇವರಿಂದ ನೇಮಿಸಲ್ಪಟ್ಟದ್ದಾದರೆ ಕಂಡದ್ದನ್ನು ಅಧಿಕಾರಿಗಳಿಗೆ ತಿಳಿಸುವದರಲ್ಲಿ ಪಾಪವೇನೆಂದು ನಮ್ಮವರಲ್ಲಿ ಕೆಲವರು ಕೇಳುವದುಂಟು. ಕೊಲೆಯನ್ನಾಗಲಿ ಕಳವನ್ನಾಗಲಿ ಕಂಡವನು ಸಾಕ್ಷಿ ಹೇಳಲೇ ಬೇಕು, ಅದರಲ್ಲಿ ವಾದವಿಲ್ಲ. ಆದರೆ ನೆರೆಯವನು ಆಳುವವರನ್ನು ಕುರಿತು ಏನಂದನು, ಯಾರ ಮನೆಗೆ ಹೋದನು ಎಂಬದನ್ನು ಅವನಿಗೆ ತಿಳಿಯದಂತೆ ಬರೆದು ಕೊಡುವದು ಸಾಕ್ಷಿಯೆನಿಸುವದೋ?

ಈ ಪ್ರಶ್ನೆಯು ಪೂರ್ವ ಜರ್ಮನಿಯ ಸಭೆಗಳವರಿಗೆ ಮನೆಮನೆಯಲ್ಲಿಯೂ ಎದುರಾಯಿತು. 1949ರಿಂದ 1990ರ ವರೆಗೆ ಇದ್ದ ಆ ರಾಜ್ಯವು ಬಹುಕಾಲ ಕಮ್ಯುನಿಸ್ಟ್ ಪಕ್ಷದ ಕೈಯಲ್ಲಿತ್ತು. 1950ರಲ್ಲಿ ಸ್ಥಾಪಿತವಾದ ಸ್ಟಾಸಿ ಎಂಬ ಗುಪ್ತ ಪೊಲೀಸ್ ಇಲಾಖೆಗೆ 1989ರಲ್ಲಿ ಸುಮಾರು 91,000 ನೌಕರರು ಇದ್ದರು. ಅವರಲ್ಲದೆ 1,70,000ಕ್ಕಿಂತ ಹೆಚ್ಚು ಮಂದಿ ಗುಟ್ಟಾಗಿ ಸುದ್ದಿ ಕೊಡುವವರು. ಅವರು ಜನರ ಕಾಗದಗಳನ್ನು ಒಡೆದು ಓದಿದರು, ಟೆಲಿಫೋನಿನಲ್ಲಿ ಆಡಿದ್ದನ್ನು ಕೇಳಿದರು. ಅವರು ಬರೆದಿಟ್ಟ ಕಡತಗಳನ್ನು ಸಾಲಾಗಿ ನಿಲ್ಲಿಸಿದರೆ 100 ಕಿಲೋಮೀಟರಿಗೂ ಮಿಕ್ಕುವದು. ಸುದ್ದಿ ಕೊಟ್ಟವರಲ್ಲಿ ಸಭಾಪಾಲಕರೂ ಇದ್ದರೆಂದು ಹೇಳಲು ನಾಚಿಕೆಯಾಗುತ್ತದೆ.

ಬರ್ಲಿನಿನಲ್ಲಿ ಸಭೆಯ ಆಶ್ರಯದಲ್ಲಿ ಕೂಡುತ್ತಿದ್ದ ಒಂದು ಸಮಾಧಾನ ಕೂಟಕ್ಕೆ ವೆರಾ ವೋಲೆನ್‌ಬರ್ಗರ್ ಎಂಬ ಸ್ತ್ರೀ ಸೇರಿದ್ದಳು. 1988ರ ಜನವರಿಯಲ್ಲಿ ಆಕೆ ಮೆರವಣಿಗೆಗೆ ಹೊರಟಳು. ಆಕೆಯ ಫಲಕದ ಮೇಲೆ ಬರೆದದ್ದು ಆ ರಾಜ್ಯದ ಸಂವಿಧಾನದ ಮಾತೇ. ಮಾತಾಡುವ ಹಕ್ಕು ಪ್ರಜೆಗಳಿಗೆ ಉಂಟೆಂಬದು. ಅದಕ್ಕಾಗಿ ಆಕೆ ಸೆರೆಮನೆಗೂ ಆ ಮೇಲೆ ದೇಶದ ಹೊರಗೂ ಹೋಗಬೇಕಾಯಿತು. ರಾಜ್ಯವು ಬಿದ್ದು 1992ರಲ್ಲಿ ತಮ್ಮ ತಮ್ಮ ಕಡತಗಳನ್ನು ಓದುವದಕ್ಕೆ ಜನರಿಗೆ ಅಪ್ಪಣೆಯಾದ ದಿನಗಳಲ್ಲಿ ಒಂದು ಸಂಗತಿ ಬೈಲಾಯಿತು. ಆಕೆಯನ್ನು ಕುರಿತು ಸುದ್ದಿ ಕೊಡುತ್ತಿದ್ದವರಲ್ಲಿ ಆಕೆಯ ಗಂಡನೇ ಒಬ್ಬನು. ಒಂದೇ ಮೇಜಿನಲ್ಲಿ ಉಂಡವನು!

ದೋಯೇಗನ ಮಾತು ಒಬ್ಬ ಸೌಲನ ಕಿವಿಗೆ ಮಾತ್ರ ಬಿತ್ತು. 1977ರಲ್ಲಿಯಾದರೋ ಸೋವಿಯತ್ ಒಕ್ಕೂಟವೂ ಅದರ ಮಿತ್ರ ರಾಜ್ಯಗಳೂ ಗುಪ್ತವಾಗಿ ಒಂದು ಒಡಂಬಡಿಕೆ ಮಾಡಿಕೊಂಡವು. ಯಾರನ್ನು ಶತ್ರುಗಳೆಂದು ಎಣಿಸಿದರೋ ಅವರ ವಿವರಗಳನ್ನು ಮಾಸ್ಕೋ ಪಟ್ಟಣದ ಕಂಪ್ಯೂಟರಿನಲ್ಲಿ ಕೂಡಿಸಿ, ಬೇಕಾದಾಗ ಎಲ್ಲರೂ ತೆಗೆದುಕೊಳ್ಳುವ ಏರ್ಪಾಡದು. ಇದು ಕಮ್ಯುನಿಸ್ಟರ ದೋಷ ಮಾತ್ರವೆಂದು ನಾವು ಸಂತೋಷಪಡಬಾರದು. ಅಮೇರಿಕದ ಮತ್ತು ಇಂಗ್ಲೆಂಡಿನ ಗುಪ್ತ ಇಲಾಖೆಗಳು ಲೆಕ್ಕವಿಲ್ಲದಷ್ಟು ಜನರ ಫೋನು, ಇಂಟರ್ನೆಟ್ ದಾಖಲೆಗಳನ್ನು ಕೂಡಿಸಿ ತಮ್ಮೊಳಗೆ ಹಂಚಿಕೊಳ್ಳುತ್ತಿದ್ದ ಸಂಗತಿಯನ್ನು 2013ರಲ್ಲಿ ಎಡ್ವರ್ಡ್ ಸ್ನೋಡನ್ ಎಂಬವನು ಹೊರಗೆಡಹಿದನು. ಯಂತ್ರದಲ್ಲಿ ಸೇರಿದ ಮಾತಿಗೆ ಹೇಳಿದವನ ಮುಖವಿಲ್ಲ. ಅವನು ಹೊಟ್ಟೇಕಿಚ್ಚಿನಿಂದ ಹೇಳಿದನೋ, ಹೆದರಿ ಹೇಳಿದನೋ, ದೂರದೇಶದಲ್ಲಿ ಅದನ್ನು ಓದುವ ಅಧಿಕಾರಿಗೆ ಹೇಗೆ ತಿಳಿದೀತು?

ದೇವರೂ ಎಲ್ಲವನ್ನು ನೋಡುತ್ತಾನಲ್ಲಾ, 139ನೆಯ ಕೀರ್ತನೆಯು ಅದನ್ನೇ ಸಾರುತ್ತದಲ್ಲಾ ಎಂದು ಒಬ್ಬನು ಕೇಳಬಹುದು. ಹೌದು; ಆದರೆ ದೋಯೇಗನು ಬಿಟ್ಟದ್ದನ್ನು ಆತನು ಬಿಡುವದಿಲ್ಲ, ಹೃದಯವನ್ನು ನೋಡುತ್ತಾನೆ. ಏದೆನ್ ತೋಟದಲ್ಲಿ ಕೂಡ ತೀರ್ಪಿಗೆ ಮೊದಲು ಆದಾಮನನ್ನು ಕೂಗಿ ಕರೆದು ವಿಚಾರಿಸಿದನು. ಮನುಷ್ಯನ ಬಾಯಿಂದ ಕೇಳದೆ ತೀರ್ಪುಮಾಡುವದು ಧರ್ಮಶಾಸ್ತ್ರಕ್ಕೆ ಒಪ್ಪುವದೋ ಎಂದು ನಿಕೊದೇಮನು ಹಿರಿಯರ ಮುಂದೆ ಎತ್ತಿದ ಪ್ರಶ್ನೆಯೂ ಇದೇ. ಸ್ಟಾಸಿಯವರು ಬರೆದಿಟ್ಟದ್ದರಲ್ಲಿ ಬಹಳವು ನಿಜವಾಗಿದ್ದಿರಬಹುದು. ಬರೆಯಲ್ಪಟ್ಟವನನ್ನು ಮಾತ್ರ ಯಾರೂ ಕೇಳಲಿಲ್ಲ.

1989ರ ಅಕ್ಟೋಬರ್ 9ರ ಸೋಮವಾರ ಲೈಪ್ಜಿಗ್ ಪಟ್ಟಣದ ನಿಕೊಲಾಯಿ ದೇವಾಲಯದಲ್ಲಿ ಸಮಾಧಾನದ ಪ್ರಾರ್ಥನೆ ನಡೆಯಬೇಕಾಗಿತ್ತು. ಅಲ್ಲಿ ಸ್ಥಳ ಹಿಡಿಯುವದಕ್ಕೆ ನೂರಾರು ಮಂದಿ ಪಕ್ಷದವರನ್ನು ಮುಂಚಿತವಾಗಿ ಕಳುಹಿಸಿದ್ದರು. ಸಭಾಪಾಲಕರಾದ ಕ್ರಿಸ್ಟಿಯಾನ್ ಫ್ಯೂರರ್ ಅವರಿಗೆ ಇದು ಗೊತ್ತಿತ್ತು. ಅವರು ಬಂದವರನ್ನು ಹೊರಗೆ ದಬ್ಬಲಿಲ್ಲ, ಸ್ವಾಗತಿಸಿದರು. ಕಾಯುವದಕ್ಕೆ ಬಂದವರು ಮಿಕ್ಕವರ ಜೊತೆಗೆ ಕೂತು ದೇವರ ವಾಕ್ಯವನ್ನು ಕೇಳಿದರು. ಸಾಯಂಕಾಲ ಸುಮಾರು 70,000 ಜನರು ಬೀದಿಗಳಲ್ಲಿ ನಡೆದರು; ಪೊಲೀಸರು ಗುಂಡು ಹಾರಿಸಲಿಲ್ಲ.