ಬಿದ್ದವರಿಗೆ ಬಾಗಿಲುಂಟೆ?

ದೇವನ ಕರುಣೆಗೆ ಎಲ್ಲೆಯುಂಟೆ? ಇಲ್ಲವೆಂದರೆ ಪಾಪಕ್ಕೆ ಅಂಜಿಕೆಯೇ ಇಲ್ಲದಂತಾಗುವುದು. ಉಂಟೆಂದರೆ ದೇವನೂ ಬಡ್ಡಿಯ ಲೆಕ್ಕ ಬರೆಯುವ ಸಾಹುಕಾರನಂತಾಗುವನು. ಭಕ್ತಿಮಾರ್ಗಗಳೆಲ್ಲವೂ ಈ ಇಕ್ಕಟ್ಟನ್ನು ಬಲ್ಲವು. ಆದರೆ ಕ್ರೈಸ್ತರಿಗೆ ಇದು ಪಂಡಿತರ ವಾದವಾಗಿ ಮಾತ್ರ ಉಳಿಯಲಿಲ್ಲ. ಕ್ರಿ. ಶ. 3ನೆಯ ಶತಮಾನದ ನಡುವೆ ಅದು ಅವರ ಮನೆಮನೆಯ ಸಂಕಟವಾಗಿ ಪರಿಣಮಿಸಿತು.

ಅವರ ಶಾಸ್ತ್ರದಲ್ಲಿ ಎರಡು ಧ್ವನಿಗಳಿವೆ. ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಅಪರಾಧಿ ಕೊನೆಯುಸಿರಿನಲ್ಲಿ ಬೇಡಿಕೊಂಡು ಸದ್ಗತಿಯ ಅಭಯವನ್ನು ಪಡೆದನು. ಅದೇ ಸುವಾರ್ತೆಗಳಲ್ಲಿ, ಪವಿತ್ರಾತ್ಮನನ್ನು ದೂಷಿಸಿದವನಿಗೆ ಕ್ಷಮೆಯಿಲ್ಲವೆಂಬ ಕಠೋರ ವಾಕ್ಯವೂ ಉಂಟು. ಹೀಬ್ರೂ ಜನರಿಗೆ ಬರೆದ ಪತ್ರಿಕೆಯು, ಒಮ್ಮೆ ಬೆಳಕನ್ನು ಕಂಡು ಅನಂತರ ಜಾರಿದವರನ್ನು ಮರಳಿ ತಿದ್ದುವುದು ಅಸಾಧ್ಯವೆನ್ನುವುದು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ದೀಕ್ಷಾಸ್ನಾನಕ್ಕೆ ಮುಂಚಿನ ಪಾಪಗಳ ವಿಷಯದಲ್ಲಿ ಆ ಮತದಲ್ಲಿ ವಿವಾದವಿರಲಿಲ್ಲ. ಅವೆಲ್ಲವೂ ಆ ನೀರಿನಲ್ಲಿ ತೊಳೆದುಹೋಗುವುವೆಂದೇ ನಂಬಿಕೆ. ದೀಕ್ಷೆಯಾದ ಮೇಲೆ ಬಿದ್ದವನ ಗತಿಯೇನು ಎಂಬುದೇ ಪ್ರಶ್ನೆ. 2ನೆಯ ಶತಮಾನದ ‘ಹರ್ಮಸನ ಕುರುಬ’ ಎಂಬ ಗ್ರಂಥವು ಅಂಥವನಿಗೆ ಒಂದೇ ಒಂದು ಸಲ ಅವಕಾಶವನ್ನು ಕೊಟ್ಟಿತು. ಈ ಭಯದಿಂದಲೇ ಹಲವರು ದೀಕ್ಷೆಯನ್ನು ಮುದಿತನದವರೆಗೆ ಮುಂದೂಡತೊಡಗಿದರು. ಸಾಲ ತೀರಿಸುವುದನ್ನು ಸಾಯುವ ದಿನಕ್ಕೆ ಇಟ್ಟುಕೊಳ್ಳುವ ಜಾಣತನವಿದು!

ರೋಮಿನ ಚಕ್ರವರ್ತಿ ಡೀಸಿಯಸನು 249ರಲ್ಲಿ ಪಟ್ಟವೇರಿದನು. ಪ್ರಜೆಗಳೆಲ್ಲರೂ ಅಧಿಕಾರಿಗಳ ಎದುರಿನಲ್ಲಿ ದೇವತೆಗಳಿಗೆ ಬಲಿಯರ್ಪಿಸಿ, ಬಲಿಯ ಮಾಂಸವನ್ನು ತಿಂದು, ಹಾಗೆ ಮಾಡಿದುದಕ್ಕೆ ಲಿಖಿತ ಪತ್ರವನ್ನು ಪಡೆಯಬೇಕೆಂದು ಅವನ ಆಜ್ಞೆ. ಅಂತಹ ನಲವತ್ತಕ್ಕೂ ಹೆಚ್ಚು ಪತ್ರಗಳು ಈಜಿಪ್ಟಿನ ಮರಳಿನಲ್ಲಿ ದೊರೆತಿವೆ. ಒಪ್ಪದವರಿಗೆ ಸೆರೆಮನೆ, ಚಿತ್ರಹಿಂಸೆ, ಕೆಲವರಿಗೆ ಮರಣ. ರೋಮಿನ ಧರ್ಮಾಧ್ಯಕ್ಷನಾದ ಫೇಬಿಯನನು 250ರ ಜನವರಿಯಲ್ಲಿಯೇ ಪ್ರಾಣವನ್ನೊಪ್ಪಿಸಿದನು. ಆದರೆ ನಿಂತವರಿಗಿಂತ ಬಿದ್ದವರೇ ಬಹಳ. ಕೆಲವರು ಕರೆಯುವ ಮುಂಚೆಯೇ ಓಡಿಹೋಗಿ ಬಲಿಯಿತ್ತರು. ಕೆಲವರು ಧೂಪವನ್ನು ಮಾತ್ರ ಹಾಕಿದರು. ಇನ್ನು ಕೆಲವರು ಬಲಿಯನ್ನು ಕೊಡದೆ, ಹಣವನ್ನು ಕೊಟ್ಟು ಪತ್ರವನ್ನು ಕೊಂಡರು. ಇವರೆಲ್ಲರಿಗೂ ಲ್ಯಾಟಿನ್ ಭಾಷೆಯಲ್ಲಿ ‘ಲಾಪ್ಸಿ’, ಎಂದರೆ ಬಿದ್ದವರು, ಎಂದು ಹೆಸರಾಯಿತು.

251ರಲ್ಲಿ ಡೀಸಿಯಸನು ಯುದ್ಧದಲ್ಲಿ ಮಡಿದನು. ಬಿರುಗಾಳಿ ನಿಲ್ಲುತ್ತಲೇ ಬಿದ್ದವರು ಅಳುತ್ತ ಸಭೆಯ ಬಾಗಿಲಿಗೆ ಬಂದರು. ಹಿಂಸೆಯನ್ನು ಸಹಿಸಿ ಗೌರವ ಪಡೆದಿದ್ದ ಕೆಲವರು ಕಾರ್ಥೇಜಿನಲ್ಲಿ ಇವರಿಗೆ ಕ್ಷಮಾಪತ್ರಗಳನ್ನು ಉದಾರವಾಗಿ ಹಂಚಿದ್ದರು; ಇಂಥವನನ್ನೂ ಅವನ ಕಡೆಯವರನ್ನೂ ಸೇರಿಸಿಕೊಳ್ಳತಕ್ಕದ್ದು ಎಂದು ಹೆಸರು, ಎಣಿಕೆ ಇಲ್ಲದೆ ಬರೆದುಕೊಟ್ಟುದೂ ಉಂಟು. ಬಲಿಗೂ ಪತ್ರ, ಕ್ಷಮೆಗೂ ಪತ್ರ! ಧರ್ಮಾಧ್ಯಕ್ಷನಾದ ಸಿಪ್ರಿಯನನು ಇದನ್ನು ಒಪ್ಪಲಿಲ್ಲ. ಮದ್ದಿಡದೆ ಮುಚ್ಚಿದ ಗಾಯವು ಒಳಗೇ ಕೊಳೆಯುವುದೆಂಬುದು ಅವನ ಭಾವ. ಆದರೆ ಹಿಂಸೆಯ ಕಾಲದಲ್ಲಿ ಅವನೇ ಅಡಗಿಕೊಂಡಿದ್ದವನಾದುದರಿಂದ ಅವನ ಮಾತನ್ನು ಹಲವರು ಹಳಿದರು.

ರೋಮಿನಲ್ಲಿ ನೊವೇಶಿಯನನು ಇದಕ್ಕೆ ತೀರ ವಿರುದ್ಧವಾದ ದಾರಿಯನ್ನು ಹಿಡಿದನು. ಅವನು ವಿದ್ವಾಂಸ, ನಿಷ್ಠಾವಂತ. ವಿಗ್ರಹಕ್ಕೆ ಬಲಿಯಿತ್ತವನು ಬಾಳಿನುದ್ದಕ್ಕೂ ಅಳಲಿ. ದೇವರು ಕ್ಷಮಿಸಿದರೆ ಕ್ಷಮಿಸಲಿ. ಸಭೆಗೆ ಮಾತ್ರ ಅವನನ್ನು ಸೇರಿಸಿಕೊಳ್ಳುವ ಅಧಿಕಾರವಿಲ್ಲವೆಂದು ಅವನ ನಿಲುವು. 251ರಲ್ಲಿ ಕೊರ್ನೀಲಿಯಸನು ಧರ್ಮಾಧ್ಯಕ್ಷನಾಗಿ ಆರಿಸಲ್ಪಟ್ಟಾಗ ಇವನು ಪ್ರತಿಸ್ಪರ್ಧಿಯಾಗಿ ನಿಂತನು. ಇವನ ಅನುಯಾಯಿಗಳು ‘ಶುದ್ಧರು’ ಎಂದು ಕರೆದುಕೊಂಡರು.

ನೊವೇಶಿಯನನನ್ನು ಕ್ರೂರಿಯೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ದೇವನ ಕರುಣೆ ಅಲ್ಪವೆಂದು ಅವನು ಹೇಳಲಿಲ್ಲ. ಅದನ್ನು ಮನುಷ್ಯನು ತನ್ನ ಗಂಟಿನಂತೆ ಹಂಚಬಾರದೆಂದನು. ಕ್ಷಮಾಪತ್ರಗಳ ಸಂತೆಯನ್ನು ಕಂಡವರಿಗೆ ಈ ಮಾತಿನ ಬಿಗುವು ತಿಳಿಯದಿರದು. ಅವನ ತಪ್ಪು ಬೇರೊಂದು ಕಡೆಯಲ್ಲಿದೆ. ‘ದೇವರನ್ನೇ ಕೇಳಿಕೋ’ ಎಂದು ಹೇಳಿ ಬಾಗಿಲಿಕ್ಕಿಕೊಳ್ಳುವವನು ತೀರ್ಪನ್ನು ದೇವರಿಗೆ ಬಿಟ್ಟಂತೆ ಕಂಡರೂ, ಬಾಗಿಲಿಕ್ಕಿದುದೇ ಒಂದು ತೀರ್ಪು. ಹೊರಗೆ ನಿಂತವನಿಗೆ ಕಾಣುವುದು ಆ ಮುಚ್ಚಿದ ಕದವೊಂದೇ. 325ರ ನೈಸೀಯ ಮಹಾಸಭೆಯ ಕಾಲದಲ್ಲಿ ಈ ಪಂಥದ ಅಸೀಸಿಯಸನೆಂಬ ಗುರುವಿಗೆ, ಹಾಗಾದರೆ ಏಣಿಯಿಟ್ಟುಕೊಂಡು ನೀನೊಬ್ಬನೇ ಸ್ವರ್ಗಕ್ಕೆ ಹತ್ತು ಎಂಬರ್ಥದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ನುಡಿದನೆಂದು ಇತಿಹಾಸಕಾರ ಸಾಕ್ರಟೀಸನು ಬರೆದಿದ್ದಾನೆ.

251ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಸಭೆಯು ನಡುದಾರಿಯನ್ನು ಹಿಡಿಯಿತು. ಪತ್ರವನ್ನು ಕೊಂಡವರನ್ನು ವಿಚಾರಿಸಿ ಸೇರಿಸಿಕೊಳ್ಳುವುದು. ಬಲಿಯಿತ್ತವರು ದೀರ್ಘಕಾಲ ಪ್ರಾಯಶ್ಚಿತ್ತದಲ್ಲಿದ್ದು, ಮರಣಕಾಲದಲ್ಲಿ ಕ್ಷಮೆಯನ್ನು ಪಡೆಯುವುದು. ಒಂದೆರಡು ವರ್ಷಗಳಲ್ಲಿ ಮತ್ತೆ ಹಿಂಸೆಯ ಮೋಡ ಕವಿದಾಗ, ಪಶ್ಚಾತ್ತಾಪದಲ್ಲಿ ನಿಂತಿದ್ದವರೆಲ್ಲರನ್ನೂ ಒಳಗೆ ಕರೆದುಕೊಂಡರು. ಸಿಪ್ರಿಯನನು ತಾನೂ ಎರಡನೆಯ ಸಲ ಅಡಗಲಿಲ್ಲ. 258ರಲ್ಲಿ ಅವನ ಶಿರಚ್ಛೇದವಾಯಿತು.

ಹಾಗಾದರೆ ಎಲ್ಲೆಯೇ ಇಲ್ಲವೆ? ಅದೇ ಹಿಂಸೆಯಲ್ಲಿ ನೊಂದು ಬೆಂದ ಒರಿಗೆನ್ ಎಂಬ ಮಹಾಪಂಡಿತನು, ಕಟ್ಟಕಡೆಗೆ ಸಕಲ ಜೀವಗಳೂ ದೇವರಿಗೆ ಮರಳುವುವೆಂದು ಆಶಿಸಿದ್ದನು. ಅವನ ಹೆಸರಿನಲ್ಲಿ ಬೆಳೆದ ಆ ಮತವನ್ನು 6ನೆಯ ಶತಮಾನದಲ್ಲಿ ಸಭೆ ತಿರಸ್ಕರಿಸಿತು. ಸಾಮಾನ್ಯ ಕ್ರೈಸ್ತನಿಗೆ ಉತ್ತರ ದೊರೆಯುವುದು ಪೇತ್ರ ಮತ್ತು ಯೂದ ಎಂಬ ಇಬ್ಬರು ಶಿಷ್ಯರ ಕಥೆಯಲ್ಲಿ. ಯೂದನು ಗುರುವನ್ನು ಮೂವತ್ತು ಬೆಳ್ಳಿಯ ನಾಣ್ಯಗಳಿಗೆ ಒಪ್ಪಿಸಿದನು. ಪೇತ್ರನು ಆತನನ್ನು ಅರಿಯೆನೆಂದು ಮೂರು ಸಲ ಹೇಳಿದನು. ಇಬ್ಬರೂ ಬಿದ್ದವರೇ, ಇಬ್ಬರೂ ಮರುಗಿದವರೇ. ಯೂದನಂತೂ ಹಣವನ್ನು ಹಿಂದಿರುಗಿಸಿ, ನಿರಪರಾಧಿಯನ್ನು ಒಪ್ಪಿಸಿದೆನೆಂದು ಬಾಯಿಬಿಟ್ಟು ಹೇಳಿದನು. ಆದರೆ ಅವನ ಮರುಗುವಿಕೆಗೆ ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲವು ಬಳಸುವ ಶಬ್ದ ‘ಮೆಟನೋಯಾ’ ಅಲ್ಲ, ಬೇರೆ. ಮೆಟನೋಯಾ ಎಂದರೆ ಮನಸ್ಸು ಬೇರೆಯಾಗುವುದು, ತಿರುಗುವುದು. ಪಶ್ಚಾತ್ತಾಪವೆಂಬ ಸಂಸ್ಕೃತ ಪದವು ಹೇಳುವುದು ಬೇಯುವುದನ್ನು ಮಾತ್ರ, ಮಾಡಿದ ಮೇಲಿನ ಬೇಗೆಯನ್ನು. ಯೂದನು ಬೆಂದನು, ತಿರುಗಲಿಲ್ಲ. ತನ್ನ ತೀರ್ಪನ್ನು ತಾನೇ ಬರೆದುಕೊಂಡು ನೇಣಿಗೆ ಹೋದನು. ಪೇತ್ರನು ಅತ್ತು, ಮತ್ತೆ ಗುರುವಿನ ಬಳಿಗೆ ಬಂದನು. ಎಲ್ಲೆಯುಂಟಾದರೆ ಅದು ಕರುಣೆಯ ಅಂಚಲ್ಲ, ತಿರುಗಲೊಲ್ಲದ ಕಾಲು.

ಈ ಕಥೆ ಶರಣಮಾರ್ಗದವರಿಗೆ ದೂರದ್ದಲ್ಲ. ಕನ್ನದ ಮಾರಿತಂದೆ ಶರಣರಲ್ಲೊಬ್ಬನಾದುದನ್ನು ಹಾಡಿ ಹೊಗಳುವುದು ಸುಲಭ, ಅದು ಹೊಸತಾಗಿ ಬಂದವನನ್ನು ಅಪ್ಪಿಕೊಂಡ ಮಾತು. ದೀಕ್ಷೆ ಪಡೆದು, ಲಿಂಗವನ್ನು ಧರಿಸಿ, ಆಮೇಲೆ ಜಾರಿದವನ ಮಾತು ಹಾಗಲ್ಲ. ಪ್ರಮಾದದಿಂದ ಲಿಂಗವು ಅಂಗವನ್ನು ಅಗಲಿದರೆ ಪ್ರಾಣವನ್ನೂ ಉಳಿಸಿಕೊಳ್ಳಬಾರದೆಂದ ನಿಷ್ಠುರರು ವೀರಶೈವದಲ್ಲಿಯೂ ಇದ್ದರು. ಗುರುವು ಮರಳಿ ಲಿಂಗವನ್ನು ಕರುಣಿಸುವ ಪದ್ಧತಿಯೂ ಇದೆ. ನಿಷ್ಠುರರಿಗೆ ಲಿಂಗದ ಹಿರಿಮೆ ತಿಳಿದಿತ್ತು. ಕುಡಿತಕ್ಕೆ ಬಿದ್ದು, ಪೂಜೆ ಬಿಟ್ಟು, ಹತ್ತು ವರ್ಷಗಳ ಮೇಲೆ ಹೊಸ್ತಿಲಿಗೆ ಬಂದು ನಿಂತ ಮಗನನ್ನು ಕಂಡ ತಂದೆಗೆ ಇನ್ನೊಂದೂ ತಿಳಿದಿರಬೇಕಾಗುವುದು.

ಅಂತಿಯೋಕ್ಯದ ಧರ್ಮಾಧ್ಯಕ್ಷನಾದ ಫೇಬಿಯಸನು ನೊವೇಶಿಯನನ ಕಡೆಗೆ ವಾಲುತ್ತಿದ್ದಾಗ, ಅಲೆಕ್ಸಾಂಡ್ರಿಯದ ಡಯೊನೀಸಿಯಸನು ಅವನಿಗೆ ಬರೆದ ಪತ್ರವೊಂದನ್ನು ಯುಸೀಬಿಯಸನ ಇತಿಹಾಸವು ಕಾಪಾಡಿದೆ. ಅದರಲ್ಲಿ ವಾದಕ್ಕಿಂತ ಒಂದು ಸಂಗತಿಯೇ ಮುಖ್ಯ. ಸೆರಾಪಿಯನ್ ಎಂಬ ಮುದುಕನು ಬಹುಕಾಲ ನಿಷ್ಕಳಂಕನಾಗಿ ಬಾಳಿ, ಹಿಂಸೆಯಲ್ಲಿ ಬಲಿಯಿತ್ತುಬಿಟ್ಟನು. ಅನಂತರ ಎಷ್ಟು ಸಲ ಬೇಡಿದರೂ ಯಾರೂ ಕಿವಿಗೊಡಲಿಲ್ಲ. ರೋಗ ಬಂದು ಮೂರು ದಿನ ಮಾತಿಲ್ಲದೆ ಬಿದ್ದಿದ್ದು, ನಾಲ್ಕನೆಯ ದಿನ ಎಚ್ಚತ್ತು, ಮಗಳ ಮಗನನ್ನು ಕರೆದು ಗುರುವನ್ನು ಕರೆತರಲು ಕಳುಹಿಸಿದನು. ಅದು ರಾತ್ರಿಯ ಹೊತ್ತು; ಗುರುವೂ ರೋಗಿಯಾಗಿ ಮಲಗಿದ್ದನು. ಆದರೆ ಸಾಯುವವರು ಬೇಡಿದರೆ ಕ್ಷಮೆಯನ್ನು ಕೊಡಬೇಕೆಂದು ಡಯೊನೀಸಿಯಸನು ಮೊದಲೇ ಅಪ್ಪಣೆ ಮಾಡಿದ್ದನು. ಗುರುವು ಪ್ರಸಾದದ ಒಂದು ಚೂರನ್ನು ಬಾಲಕನ ಕೈಯಲ್ಲಿಟ್ಟು, ನೆನೆಸಿ ಮುದುಕನ ಬಾಯಿಗೆ ಬಿಡೆಂದು ಹೇಳಿದನು. ಹುಡುಗನು ಮನೆಯನ್ನು ಸೇರುವಾಗ ಸೆರಾಪಿಯನ್ ಮತ್ತೆ ಎಚ್ಚತ್ತು, ಗುರು ಬರಲಾರನೆಂದು ತಿಳಿದು, ಬೇಗ ಕೊಟ್ಟು ತನ್ನನ್ನು ಬಿಡುಗಡೆ ಮಾಡೆಂದನು. ಹುಡುಗನು ಚೂರನ್ನು ನೆನೆಸಿ ತಾತನ ಬಾಯಿಗೆ ಬಿಟ್ಟನು. ತಾತನು ಅದನ್ನು ನುಂಗಿ, ಸ್ವಲ್ಪ ಹೊತ್ತಿನಲ್ಲಿಯೇ ಪ್ರಾಣವನ್ನು ಬಿಟ್ಟನು.