ಹಳೆಯ ಕಾಲುವೆಗೆ ಹೊಸ ತೂಬು

ಲ್ಯಾಪ್‌ಟಾಪಿನ ಬಗ್ಗೆ ಚಿಂತನೆಯೇ ಎಂದು ನಗುವವರು ನಗಲಿ. ಈಚೆಗೆ ಹೊಸಪೇಟೆಯಲ್ಲಿ ನಾನು ಕಂಡ ಚಿಂತೆಯ ಮುಖಗಳು ಹೆಚ್ಚಾಗಿ ಇದ್ದದ್ದು ಕಂಪ್ಯೂಟರ್ ಅಂಗಡಿಗಳಲ್ಲೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಹನ್ನೊಂದಕ್ಕೆ ಹೋಗೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಟು ಕೇಳುತ್ತದೆ, ತಕ್ಕಷ್ಟು ಹೊಸ ಪ್ರೊಸೆಸರ್ ಕೇಳುತ್ತದೆ. ಹಾಗಾಗಿ ಚೆನ್ನಾಗಿಯೇ ನಡೆಯುತ್ತಿರುವ ಯಂತ್ರವನ್ನು ಬದಲಿಸಬೇಕು, ಇಲ್ಲವೇ ಅದಕ್ಕೆ ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆ ಹಾಕಿಸಬೇಕು.

"ಲಿನಕ್ಸ್ ಹಾಕ್ಸಿದ್ರ ನಮ್ಮ ಫೈಲೆಲ್ಲಾ ಓಪನ್ ಆಗ್ತಾವೇನಪಾ?" ಎಂದು ಹಿರಿಯರೊಬ್ಬರು ಕೇಳುತ್ತಿದ್ದರು.

"ಇಂಗ್ಲಿಷ್‌ನವು ಆಗ್ತಾವ್ರಿ ಸಾರ್. ಕನ್ನಡದವು ನೋಡ್ಬೇಕು" ಎಂದ ಅಂಗಡಿಯ ಹುಡುಗ.

ಅವನು ಸುಳ್ಳು ಹೇಳಲಿಲ್ಲ. ನಮ್ಮ ಊರುಗಳಲ್ಲಿ ಇಪ್ಪತ್ತು ವರ್ಷಗಳಿಂದ ಟೈಪಾದ ಮದುವೆ ಪತ್ರಿಕೆ, ಕ್ರಯಪತ್ರ, ಸಂಘದ ನಡಾವಳಿ, ಶಾಲೆಯ ಸ್ಮರಣ ಸಂಚಿಕೆ, ಎಷ್ಟೋ ಪ್ರಬಂಧಗಳು 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿವೆ. ಅಂಥ ಒಂದು ಫೈಲನ್ನು ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ತೆರೆದು ನೋಡಿ. 'ಕನ್ನಡ' ಎಂಬ ಪದ ಇರಬೇಕಾದಲ್ಲಿ ಕಾಣುವುದು ಇದು: ಒಂದು ದೊಡ್ಡ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷರ ಪೌಂಡ್ ಗುರುತು, ಮತ್ತದೇ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಒಂದು ಚಿಕ್ಕ ಕ್ಯೂ, ಕೊನೆಗೆ ಇನ್ನೊಮ್ಮೆ ಗೀಟಿನ ಎ. ಫೈಲು ಕೆಟ್ಟಿಲ್ಲ. ಅದರೊಳಗೆ ಮೊದಲಿನಿಂದಲೂ ಇದ್ದದ್ದೇ ಅದು. ಯುರೋಪಿನ ಅಕ್ಷರಗಳಿಗೆಂದು ಮಾಡಿದ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಬಾಡಿಗೆಗೆ ಕೂರಿಸಲಾಗಿತ್ತು. ಫಾಂಟ್ ಇರುವವರೆಗೆ ಪರದೆಯ ಮೇಲೆ ಕನ್ನಡ. ಫಾಂಟ್ ಹೋದ ದಿನ ಮನೆಯ ಮೂಲ ಮಾಲೀಕರು ಎದ್ದು ಬರುತ್ತಾರೆ.

ಹೀಗೆಂದು ನುಡಿಯನ್ನು ದೂರುವುದು ಕೃತಘ್ನತೆಯಾದೀತು. ಕಚೇರಿಯ ಕಂಪ್ಯೂಟರಿನಲ್ಲಿ ಕನ್ನಡ ವಿರಳವಾಗಿದ್ದ ಕಾಲದಲ್ಲಿ ಕನ್ನಡ ಗಣಕ ಪರಿಷತ್ತು ಅದನ್ನು ಕೊಟ್ಟಿತು, ಜನ ಬಳಸಿದರು, ಆಡಳಿತದಲ್ಲಿ ಕನ್ನಡ ಉಳಿಯಿತು. ಆದರೆ ಕನ್ನಡಕ್ಕೆ ಅದರದೇ ಆದ 128 ಮನೆಗಳ ಓಣಿಯೊಂದನ್ನು, ಜಗತ್ತಿನ ಲಿಪಿಗಳಿಗೆಲ್ಲ ಜಾಗ ಕೊಡುವ ಮಾನದಂಡವಾದ ಯೂನಿಕೋಡ್ ತನ್ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಗುರುತು ಹಾಕಿಟ್ಟಿತ್ತು. ಓಣಿ ಸಿದ್ಧವಿದ್ದರೂ ನಾವು ಅಲ್ಲಿಗೆ ಒಕ್ಕಲು ಹೋಗುವುದು ಮಾತ್ರ ತಡವಾಯಿತು. ಡಿಟಿಪಿ ಅಂಗಡಿಗಳಿಗೆ ಅದಕ್ಕೊಂದು ನಿಜವಾದ ಕಾರಣವೂ ಇತ್ತು. ಅವರ ಅನ್ನದ ಬಟ್ಟಲಾದ, ಪುಟ ಜೋಡಿಸುವ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತೇ ಇಲ್ಲ. ಅಂಗಡಿಯವರಿಗೆ ಆ ಕಾರಣ ಸಲ್ಲುತ್ತದೆ. ಮನೆಯಲ್ಲಿ ಕೂತು ಕಥೆ, ಪತ್ರ, ಲೆಕ್ಕ ಬರೆಯುವ ನನಗೂ ನಿಮಗೂ ಸಲ್ಲುವುದಿಲ್ಲ.

ಹಳೆಯದನ್ನು ಬಿಡದೆ ಹೊಸದಕ್ಕೆ ಹೋಗುವುದು ಹೇಗೆಂದು ತೋರಿಸುವ ಕಾಲುವೆಯೊಂದು ಇಲ್ಲೇ ಇದೆ. ಹೊಸಪೇಟೆಯ ನಡುವೆ ಹರಿಯುವ ಬಸವಣ್ಣ ಕಾಲುವೆಯ ಬದಿಯಲ್ಲಿ ಬೆಳಿಗ್ಗೆ ನಡೆಯುವವರು ಬಹಳ ಮಂದಿ. ಆ ಕಾಲುವೆ ವಿಜಯನಗರ ಅರಸರ ಕಾಲದ್ದು. ಅದಕ್ಕೂ ರಾಯ ಕಾಲುವೆಗೂ ತುಂಗಭದ್ರಾ ನದಿಯ ನೀರು ತಿರುಗಿಸುತ್ತಿದ್ದದ್ದು ವಲ್ಲಭಾಪುರದ ಅಣೆ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತಾಗ ಆ ಅಣೆ ಹಿನ್ನೀರಿನಲ್ಲಿ ಮುಳುಗಿಹೋಯಿತು. ಹಳೆಯ ಮೂಲವೇ ಮುಳುಗಿದ ಮೇಲೆ ಕಾಲುವೆಯೂ ಒಣಗಬೇಕಿತ್ತು. ಹಾಗಾಗಲಿಲ್ಲ. ಹೊಸ ಜಲಾಶಯದಿಂದಲೇ ಈ ಎರಡು ಕಾಲುವೆಗಳಿಗೆ ನೀರು ಬಿಡುವ ಏರ್ಪಾಟಾಯಿತು. ಗದ್ದೆಯವನು ತನ್ನ ಬದು ಬದಲಿಸಲಿಲ್ಲ, ಬಾಳೆಯ ತೋಟ ಜಾಗ ಬಿಟ್ಟು ಕದಲಲಿಲ್ಲ. ಕೆಳಗೆ ಹಂಪಿಯ ತುರ್ತಾ ಕಾಲುವೆ, ಕಂಪ್ಲಿಯ ಕಾಲುವೆ ಇವತ್ತಿಗೂ ಭತ್ತ ಕಬ್ಬುಗಳಿಗೆ ನೀರುಣಿಸುತ್ತಿವೆ. ದೊಡ್ಡದೊಂದನ್ನು ಹೊಸದಾಗಿ ಕಟ್ಟುವಾಗ ಹಳೆಯ ಹರಿವಿಗೊಂದು ತೂಬು ಇಡಬೇಕೆಂದು ಯಾರಿಗೋ ಹೊಳೆದಿತ್ತಲ್ಲ, ಆ ಎಚ್ಚರ ದೊಡ್ಡದು.

ಕನ್ನಡ ಟೈಪು ಮಾಡುವ ನಮ್ಮ ಬೆರಳುಗಳಿಗೂ ಅಂಥದೊಂದು ತೂಬು ಸಿಕ್ಕಿದೆ. ಅನೇಕರಿಗೆ ಇದು ಗೊತ್ತಿಲ್ಲ. ನುಡಿಯಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯು: ಈ ಐದು ಕೀಲಿ ಒತ್ತಿದರೆ 'ಕನ್ನಡ'. ನಡುವಿನ ಎಫ್ ಒತ್ತಕ್ಷರಕ್ಕೆ. ಕೆ.ಪಿ. ರಾವ್ ಅವರು ರೂಪಿಸಿದ ಆ ಕೀಲಿಮಣೆ ವಿನ್ಯಾಸ ಲಿನಕ್ಸಿನೊಳಗೆ 'ಕಗಪ' ಎಂಬ ಹೆಸರಿನಲ್ಲೇ ಕೂತಿದೆ. ಹೊರಗಿನಿಂದ ಏನನ್ನೂ ತಂದು ಹಾಕಬೇಕಿಲ್ಲ, ಸೆಟ್ಟಿಂಗ್ಸಿಗೆ ಹೋಗಿ ಆರಿಸಿಕೊಂಡರಾಯಿತು. ಅದೇ ಐದು ಕೀಲಿ, ಅದೇ ಎಫ್. ವ್ಯತ್ಯಾಸ ಇಷ್ಟೇ: ಈಗ ಫೈಲಿನೊಳಗೆ ಕೂರುವುದೂ ಐದೇ ಗುರುತು, ಐದೂ ಕನ್ನಡದವು. ಕಾಸರಗೋಡಿನ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಲಿನಕ್ಸಿನಲ್ಲಿ, ಏಕೆಂದರೆ ಕೇರಳ ತನ್ನ ಶಾಲೆಗಳಿಗೆ ಅದನ್ನೇ ಒಪ್ಪಿಕೊಂಡಿದೆ. ಅವರಿಗೆ ಅದು 'ಬೇರೆ' ವ್ಯವಸ್ಥೆಯೂ ಅಲ್ಲ, ಕಷ್ಟವೂ ಅಲ್ಲ.

ಆದ್ದರಿಂದ ವಿಂಡೋಸೋ ಲಿನಕ್ಸೋ ಆ್ಯಪಲ್ಲೋ ಎಂಬ ಜಗಳದಲ್ಲಿ ನನಗೆ ಆಸಕ್ತಿ ಇಲ್ಲ. ಜೇಬು ನೋಡಿಕೊಂಡು, ಕೆಲಸ ನೋಡಿಕೊಂಡು ಯಾವುದನ್ನಾದರೂ ಕೊಳ್ಳಲಿ. ನನ್ನನ್ನು ಕಾಡುವುದು ಬೇರೆಯೇ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆಯಾಯಿತು. ಹೊಸಪೇಟೆ ಇತ್ತ ಬಂತು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಯಾವ ಕಾಗದದಲ್ಲಿ ಯಾವ ಜಿಲ್ಲೆ ಬರೆದಿದ್ದೆವು ಎಂದು ಹಿಂತಿರುಗಿ ನೋಡಬೇಕಾದಾಗ, ಹುಡುಕುವ ಜಾಗದಲ್ಲಿ 'ಸಂಡೂರು' ಎಂದು ಟೈಪು ಮಾಡಿದರೆ ಹಳೆಯ ಫೈಲುಗಳಲ್ಲಿ ಒಂದೂ ಓಗೊಡುವುದಿಲ್ಲ. ಊರಿನ ಹೆಸರು ಒಳಗೆ ಸಾಲುಸಾಲಾಗಿ ಇದ್ದರೂ ಯಂತ್ರದ ಪಾಲಿಗೆ ಅಲ್ಲಿ ಸಂಡೂರೇ ಇಲ್ಲ. ಯಂತ್ರ ಬದಲಿಸುವ ಮೊದಲೇ ಆಗಿಹೋಗಿದ್ದ ನಷ್ಟ ಅದು. ಹೊಸ ಯಂತ್ರ ಅದನ್ನು ಬಯಲಿಗೆ ತಂದಿತು, ಅಷ್ಟೇ.

ಹಳೆಯ ಲ್ಯಾಪ್‌ಟಾಪನ್ನು ಎಕ್ಸ್‌ಚೇಂಜಿಗೆ ಕೊಡುವ ಯೋಚನೆ ನಿಮಗಿದ್ದರೆ, ಅದು ಇನ್ನೂ ಆನ್ ಆಗುತ್ತಿರುವಾಗಲೇ ಒಂದು ಬೆಳಗನ್ನು ಅದಕ್ಕೆಂದು ಇಡಿ. ಕನ್ನಡ ಫೈಲುಗಳನ್ನೆಲ್ಲ ಒಂದು ಫೋಲ್ಡರಿಗೆ ತನ್ನಿ. ಹಳೆಯ ಅಕ್ಷರಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆಯಾಗಿಯೇ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವೊತ್ತು ಬರುವ ಕಡೆಗಳಲ್ಲಿ ಒಮ್ಮೆ ಕಣ್ಣಾಡಿಸಿ, ಎಡವಟ್ಟು ಆಗುವುದು ಸಾಮಾನ್ಯವಾಗಿ ಅಲ್ಲೇ. ಅಂಕಿಗಳಿರುವ ಪತ್ರಗಳನ್ನು ಎರಡು ಸಲ ನೋಡಿ. ಮೂಲ ಫೈಲುಗಳನ್ನು ಅಳಿಸದೆ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಆಮೇಲೆ ಅಂಗಡಿಗೆ ಹೋಗಿ.