ಕಟ್ಟಿದವನಿಗೆ ಎಷ್ಟು ಗೊತ್ತು?

ಮನುಷ್ಯ ಪೂರ್ತಿಯಾಗಿ ಬಲ್ಲದ್ದು ತಾನೇ ಮಾಡಿದ್ದನ್ನು ಮಾತ್ರ ಎಂದು ನೇಪಲ್ಸ್‌ನ ಚಿಂತಕ ಜಾಂಬತ್ತಿಸ್ತ ವೀಕೋ 1710ರಲ್ಲಿ ವಾದಿಸಿದ. ನಿಸರ್ಗವನ್ನು ದೇವರು ಮಾಡಿದ, ಅದರ ಮರ್ಮ ಅವನಿಗೇ ಗೊತ್ತು. ಗಣಿತವನ್ನು ನಾವು ಮಾಡಿಕೊಂಡೆವು, ಹಾಗಾಗಿ ಅಲ್ಲಿ ನಮಗೆ ಸಂಶಯವಿಲ್ಲ. ಗಣಿತದ ಮಟ್ಟಿಗೆ ಈ ಮಾತನ್ನು ಒಪ್ಪಬಹುದು. ಉಕ್ಕಿನ ಮಟ್ಟಿಗೆ ಒಪ್ಪಲಾಗದು. ಇದನ್ನು ಪರೀಕ್ಷಿಸಲು, ಮನೆಯ ಗ್ಯಾರೇಜಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟಿ ಮೊದಲ ಬಾರಿ ಅದನ್ನು ರಸ್ತೆಗಿಳಿಸುವವನಿಗಿಂತ ಒಳ್ಳೆಯ ಸಾಕ್ಷಿ ನನಗೆ ಕಾಣುವುದಿಲ್ಲ.

ಈ ಹವ್ಯಾಸ ಬಲವಾಗಿ ಬೇರುಬಿಟ್ಟದ್ದು ಬ್ರಿಟನ್ನಿನಲ್ಲಿ. ಕಾಲಿನ್ ಚಾಪ್ಮನ್ 1957ರಲ್ಲಿ ತಂದ ಲೋಟಸ್ ಸೆವೆನ್ ಎಂಬ ಪುಟ್ಟ ಹಗುರ ಕಾರನ್ನು ಬಿಡಿಭಾಗಗಳ ಕಿಟ್ ಆಗಿ ಕೊಂಡರೆ ಸಿದ್ಧ ಕಾರಿನ ಮೇಲಿದ್ದ ಖರೀದಿ ತೆರಿಗೆ ತಪ್ಪುತ್ತಿತ್ತು. 1973ರಲ್ಲಿ ಆ ತೆರಿಗೆ ಹೋಗಿ ವ್ಯಾಟ್ ಬಂತು. ಅದೇ ವರ್ಷ ಸೆವೆನ್‌ನ ಹಕ್ಕು ಕೇಟರ್‌ಹ್ಯಾಮ್ ಪಾಲಾಯಿತು. ತೆರಿಗೆಯ ಲಾಭ ಹೋದರೂ ಕಟ್ಟುವವರು ಹೋಗಲಿಲ್ಲ. 1996ರಲ್ಲಿ ರಾನ್ ಚಾಂಪಿಯನ್ ಎಂಬ ಶಿಕ್ಷಕರು 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವ ಬಗೆಯನ್ನು ಪುಸ್ತಕವಾಗಿ ಬರೆದರು. ಚೌಕ ಉಕ್ಕಿನ ಕೊಳವೆಗಳನ್ನು ಬೆಸೆದು ಚಾಸಿ ಮಾಡು, ಹಳೆಯ ಫೋರ್ಡ್ ಎಸ್ಕಾರ್ಟಿನಿಂದ ಎಂಜಿನ್ನು, ಗೇರ್‌ಬಾಕ್ಸು, ಹಿಂದಿನ ಆಕ್ಸಲ್ ಬಿಚ್ಚಿ ತಂದು ಕೂರಿಸು ಎಂಬುದು ಅದರ ದಾರಿ. ಅದನ್ನು ಓದಿಯೇ ವೆಲ್ಡಿಂಗ್ ಕಲಿತವರಿದ್ದಾರೆ.

ಹೀಗೆ ಕಟ್ಟಿದವನಿಗೆ, ಗ್ಯಾರೇಜಿನಲ್ಲಿ ನಿಂತ ಕಾರಿನ ಬಗ್ಗೆ ಗೊತ್ತಿಲ್ಲದ್ದು ಏನೂ ಇಲ್ಲ. ಒಂದೊಂದು ನಟ್ಟೂ ಅವನ ಕೈಯಲ್ಲಿ ತಿರುಗಿದ್ದು. ಆದರೆ ಮೊದಲ ಉಬ್ಬಿನ ಮೇಲೆ ಚಕ್ರ ಏರುವಾಗ, ಸ್ಟಿಯರಿಂಗ್ ಕೊಂಡಿಯ ಚಲನೆಯೂ ಸಸ್ಪೆನ್ಷನ್ ತೋಳಿನ ಚಲನೆಯೂ ಹೊಂದದಿದ್ದರೆ, ಅವನು ತಿರುಗಿಸದಿದ್ದರೂ ಚಕ್ರ ತಾನಾಗಿ ತುಸು ತಿರುಗುತ್ತದೆ. ಇದನ್ನು ಬಂಪ್ ಸ್ಟಿಯರ್ ಅನ್ನುತ್ತಾರೆ. ಬೋಲ್ಟಿನ ತಲೆಯಡಿ ಸಿಕ್ಕಿಕೊಂಡ ಪೇಂಟಿನ ಪದರ ಭಾರಕ್ಕೆ, ಅದುರಿಗೆ ನಲುಗಿ, ಬಿಗಿಯಾಗಿದ್ದದ್ದು ಸಡಿಲವಾಗುತ್ತದೆ. ಕೂಲಂಟ್ ಕೊಳವೆಯಲ್ಲಿ ಎಲ್ಲೋ ಉಳಿದ ಗಾಳಿಗುಳ್ಳೆ ಎಂಜಿನ್ ಕಾದ ಮೇಲೆ ನೀರಿನ ಓಟವನ್ನು ತಡೆಯುತ್ತದೆ. ಹೊಸ ಬ್ರೇಕ್ ಪ್ಯಾಡುಗಳು ಡಿಸ್ಕಿನೊಂದಿಗೆ ಇನ್ನೂ ಪಳಗಿರುವುದಿಲ್ಲ, ಒತ್ತಿದಷ್ಟು ಹಿಡಿಯುವುದಿಲ್ಲ. ಇವುಗಳಲ್ಲಿ ಎಷ್ಟೋ ಸಂಗತಿಗಳನ್ನು ನಿಂತ ಕಾರು ಹೇಳಲಾರದು. ಕೈ ಮಾಡಿದ್ದು ಭಾಗಗಳನ್ನು. ಭಾಗಗಳ ನಡುವಿನ ಸಂಬಂಧ ಹುಟ್ಟುವುದು ಭಾರ, ಬಿಸಿ, ವೇಗ ಕೂಡಿದಾಗ. ವೀಕೋನ ವಾದ ಸೋಲುವುದು ಇಲ್ಲೇ.

ಆದ್ದರಿಂದಲೇ ಬಲ್ಲವರ ಮೊದಲ ಓಟಗಳು ಚಿಕ್ಕವು, ನಿಧಾನದವು, ಮನೆಗೆ ಹತ್ತಿರದವು. ಹೋಗಿಬಂದು, ಕಾರು ತಣಿದ ಮೇಲೆ ಮತ್ತೆ ಸ್ಪ್ಯಾನರು ಹಿಡಿದು ಚಕ್ರದ ನಟ್ಟುಗಳಿಂದ ಸಸ್ಪೆನ್ಷನ್ನಿನವರೆಗೆ ಎಲ್ಲವನ್ನೂ ಮುಟ್ಟಿ ನೋಡುತ್ತಾರೆ. ಬಿಗಿ ಮಾಡಿದ ನಟ್ಟಿನ ಮೇಲೆ ಬಣ್ಣದ ಗೆರೆ ಎಳೆದಿರುತ್ತಾರೆ. ಗೆರೆ ಮುರಿದಿದ್ದರೆ ನಟ್ಟು ಜರುಗಿದೆ ಎಂದರ್ಥ. ಹೊರಗಿನವರಿಗೆ ಇದು ಅಂಜುಬುರುಕತನ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಷೋರೂಮಿನಿಂದ ಹೊಸ ಕಾರು ಹೊರತರುವವನು ಹೆದರುವುದಿಲ್ಲ. ಯಾರು ಏನು ಮಾಡಿದ್ದಾರೆಂದು ಅವನಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಕಟ್ಟಿದವನು ಹೆದರುತ್ತಾನೆ, ಏಕೆಂದರೆ ಯಾವ ಬೆಸುಗೆಯನ್ನು ದಣಿದ ರಾತ್ರಿಯಲ್ಲಿ ಹಾಕಿದೆನೆಂದು ಅವನಿಗೆ ನೆನಪಿದೆ. ಆ ಭಯ ತಿಳಿವಳಿಕೆಯಿಂದಲೇ ಹುಟ್ಟಿದ್ದು. ಹೊಣೆಗಾರಿಕೆ ಎಂದು ನಾವು ಗೌರವಿಸುವ ಗುಣ ಮೊದಲು ಇಂಥ ಭಯವಾಗಿಯೇ ಬರುತ್ತದೆ ಎಂದು ನಾನು ನಂಬುತ್ತೇನೆ.

ಹಾಗಾದರೆ ಕಾರು ಕಟ್ಟುವುದನ್ನು ಕಾರ್ಖಾನೆಗೇ ಬಿಡಬಾರದೇಕೆ ಎಂದು ಕೇಳಬಹುದು. ಕಾರ್ಖಾನೆಯ ಪರೀಕ್ಷೆಗಳು ಒಬ್ಬಂಟಿಯ ಕೈಗೆಟುಕುವಂಥವಲ್ಲ, ನಿಜ. ಆದರೆ ಹೊಣೆ ಸಾವಿರ ಕೈಗಳಿಗೆ ಹಂಚಿಹೋದಾಗ ಕಳೆದುಹೋಗುವುದೂ ಉಂಟು. ಜನರಲ್ ಮೋಟಾರ್ಸ್ 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ಒಂದು ಇಗ್ನಿಷನ್ ಸ್ವಿಚ್ಚಿಗಾಗಿ ಹಿಂದೆ ಕರೆಸಿಕೊಂಡಿತು. ಓಡುವ ಕಾರಿನಲ್ಲಿ ಆ ಸ್ವಿಚ್ಚು ಜಾರಿದರೆ ಎಂಜಿನ್ ನಿಲ್ಲುತ್ತಿತ್ತು, ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ. ದೋಷದ ಸುಳಿವು ಕಂಪನಿಯೊಳಗೆ ಸುಮಾರು ಒಂದು ದಶಕದಿಂದ ಇತ್ತು. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124. ಸಭೆಯಲ್ಲಿ ಎಲ್ಲರೂ ತಲೆಯಾಡಿಸುತ್ತಿದ್ದರು, ಎದ್ದು ಹೋದ ಮೇಲೆ ಯಾರೂ ಏನೂ ಮಾಡುತ್ತಿರಲಿಲ್ಲ ಎಂಬುದು ಕಂಪನಿಯೇ ಮಾಡಿಸಿದ ತನಿಖೆಯಲ್ಲಿ ದಾಖಲಾಯಿತು. ತನ್ನ ಬೆಸುಗೆಯ ಮೇಲೆ ತಾನೇ ಕೂತು ಹೋಗುವವನಿಗೆ ಹಾಗೆ ತಲೆಯಾಡಿಸಿ ಎದ್ದುಹೋಗುವ ಅವಕಾಶವಿಲ್ಲ.

ಅವನು ಇಟ್ಟ ಪಣ ತನ್ನದೇ ಜೀವ ಎಂಬುದಷ್ಟೇ ಸಾಲದು. ಪಕ್ಕದ ಸೀಟಿನಲ್ಲಿ ಯಾರು ಕೂರಬಹುದು, ಯಾವಾಗ? ಅಮೆರಿಕದಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಸಾಂಪ್ರದಾಯಿಕವಾಗಿ 25 ಅಥವಾ 40 ಗಂಟೆಗಳ ಪರೀಕ್ಷಾ ಹಾರಾಟ ವಿಧಿಸುತ್ತಾರೆ. ಆ ಅವಧಿಯಲ್ಲಿ ಪ್ರಯಾಣಿಕರನ್ನು ಹತ್ತಿಸುವಂತಿಲ್ಲ. ಕಾರಿನ ವಿಷಯದಲ್ಲಿ ಆ ಸಂಯಮವನ್ನು ಕಟ್ಟಿದವನೇ ತಂದುಕೊಳ್ಳಬೇಕು. ಎಷ್ಟೋ ತಿಂಗಳು ಕಾದ ಮಗಳು ಮೊದಲ ದಿನವೇ ಹತ್ತುತ್ತೇನೆ ಅಂದರೆ ಬೇಡ ಅನ್ನಲು ಮನಸ್ಸು ಬಾರದು. ಆದರೂ ಅನ್ನಬೇಕು. ತಾನು ಇನ್ನೂ ಗಳಿಸದ ನಂಬಿಕೆಯನ್ನು ಇನ್ನೊಬ್ಬರಿಗೆ ಸಾಲ ಕೊಡುವ ಹಕ್ಕು ಯಾರಿಗೂ ಇಲ್ಲ. ಎದುರಿನಿಂದ ಸೈಕಲ್ಲಿನಲ್ಲಿ ಬರುವವನಂತೂ ಯಾವ ಒಪ್ಪಿಗೆಯನ್ನೂ ಕೊಟ್ಟಿಲ್ಲ.

ಆ ಸೈಕಲ್ಲಿನವನ ಪರವಾಗಿ ಮಾತಾಡಬೇಕಾದದ್ದು ಸರ್ಕಾರ. ಬ್ರಿಟನ್ನಿನಲ್ಲಿ ಐವಿಎ ಎಂಬ ಪರೀಕ್ಷೆ ಒಂದೊಂದೇ ವಾಹನವನ್ನು ಬಿಡಿಯಾಗಿ ನೋಡುತ್ತದೆ. ಮುಂದಿನ ಚಕ್ರಗಳಿಗಿಂತ ಮೊದಲು ಹಿಂದಿನವು ಲಾಕ್ ಆಗಬಾರದು. ತಿರುಗಿಸಿ ಬಿಟ್ಟ ಸ್ಟಿಯರಿಂಗ್ ತಾನಾಗಿ ನೇರವಾಗುವತ್ತ ಬರಬೇಕು. ದಾರಿಹೋಕನಿಗೆ ತಾಗುವ ಮೂಲೆಗಳು ಚೂಪಾಗಿರಬಾರದು. ಮೊದಲೇ ದಿನ ಗೊತ್ತುಮಾಡಿಕೊಂಡ ಈ ಪರೀಕ್ಷೆಗೆ ನೋಂದಣಿಯಾಗದ ಕಾರನ್ನೂ ವಿಮೆ ಮಾಡಿಸಿ ಓಡಿಸಿಕೊಂಡು ಹೋಗಬಹುದು. ಅನೇಕರ ಪಾಲಿಗೆ ರಸ್ತೆಯ ಮೇಲಿನ ಮೊದಲ ಪಯಣ ಅದೇ. ಮಾಡಿದವನ ಕಣ್ಣಿಗೆ ತಪ್ಪಿದ್ದು ಮಾಡದವನ ಕಣ್ಣಿಗೆ ಬೀಳುತ್ತದೆ.

ನಮ್ಮಲ್ಲಿ ವಾಹನದ ಮಾದರಿಯನ್ನು ತಯಾರಕರು ಪರೀಕ್ಷೆಗೊಪ್ಪಿಸಿ ಅನುಮೋದನೆ ಪಡೆಯಬೇಕು. ಆ ವ್ಯವಸ್ಥೆ ರೂಪುಗೊಂಡಿರುವುದು ಕಂಪನಿಗಳಿಗಾಗಿ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ನಮ್ಮ ರಸ್ತೆಗಳಲ್ಲಿ ನಡೆಯುವ ಮನಸೋಇಚ್ಛೆ ಮಾರ್ಪಾಡುಗಳನ್ನು ಕಂಡವರಿಗೆ ಅದರ ಅಗತ್ಯ ಅರ್ಥವಾಗುತ್ತದೆ. ಆದರೆ ಬೆಂಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಯಮತ್ತೂರಿನ ಫಾರ್ಮುಲಾ ಭಾರತ್ ಸ್ಪರ್ಧೆಗೆ ಕಾರು ಕಟ್ಟಿ ಒಯ್ಯುತ್ತಾರೆ. ಅಲ್ಲಿ ಕಠಿಣ ತಾಂತ್ರಿಕ ತಪಾಸಣೆ ದಾಟದ ಕಾರು ಟ್ರ್ಯಾಕಿಗೆ ಇಳಿಯುವುದಿಲ್ಲ. ಬಿಡಿ ವಾಹನವನ್ನು ಬಿಡಿಯಾಗಿ ಪರೀಕ್ಷಿಸುವ ಜಾಣ್ಮೆ ನಮ್ಮಲ್ಲೇ ಇದೆ. ಕಠಿಣವಾಗಿರಲಿ, ದುಬಾರಿಯೂ ಆಗಲಿ. ಒಬ್ಬನೇ ಕಟ್ಟಿದ ಒಂದೇ ಕಾರಿಗೆ ಅಂಥದೊಂದು ಪರೀಕ್ಷೆಯ ದಾರಿಯನ್ನು ನಮ್ಮ ಸಾರಿಗೆ ಕಾನೂನು ತೆರೆಯಬೇಕು.